ಫ್ಯಾನ್ ಆರಿಸಿದ ಅಮ್ಮ

ಒಲೆಯ ಮೇಲೆ ಹಾಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಇವತ್ತು ಮಗಳ ರಕ್ತಪರೀಕ್ಷೆಯ ವರದಿಗಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ, ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ ಮತ್ತು ಅವಳ ತಮ್ಮ ಕುಳಿತಿದ್ದರು. ತಮ್ಮ ದರ್ಜಿಯಿರಬೇಕು. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

“ಶೀಟಿನ ಮನೇಲಿ, ಮಟಮಟ ಮಧ್ಯಾಹ್ನ, ಅಮ್ಮ ಯಾಕೋ ಫ್ಯಾನ್ ಆರಿಸಿದ್ಲು?”

“ಟೀವೀಲಿ ಅವಳ ಹೀರೋ ಹೇಳಿದ, ಅಕ್ಕ. ಭೂಮಿ ಬಿಸಿ ಆಗ್ತಿದೆ, ದಿನಾ ಒಂದು ಗಂಟೆ ಎಲ್ಲ ಆರಿಸಿಬಿಡಿ ಅಂತ.”

“ಅವನು ಹೇಳಿದ್ರೆ ಇವಳಿಗೆ ವೇದವಾಕ್ಯ.”

“ಅವನೋ, ಕೋಟು ಹಾಕ್ಕೊಂಡು ಕೂತಿದ್ದ. ಅಲ್ಲಿ ಅಷ್ಟು ತಂಪು.”

“ನೀನೂ ನೋಡ್ತಿದ್ಯಾ?”

“ಹೂಂ, ಊಟಕ್ಕೆ ಬಂದಿದ್ದೆ. ಅದೆಲ್ಲ ನಮ್ಮಂಥವರಿಗಲ್ಲ ಕಣಮ್ಮ ಅಂದೆ. ‘ಮೊಮ್ಮಕ್ಕಳಿಗೆ ನಾನು ಇನ್ನೇನು ಕೊಡ್ಲಿ, ಒಂದು ಗಂಟೆ ತಾನೆ’ ಅಂದ್ಲು. ಸರಿ, ನಿನ್ನಿಂದಲೇ ಭೂಮಿ ಉಳೀಲಿ ಅಂತ ನಕ್ಕು ಅಂಗಡಿಗೆ ಹೋದೆ. ಸಾಯಂಕಾಲ ಬಂದು ನೋಡಿದ್ರೆ ನೆಲದ ಮೇಲೆ ಬಿದ್ದಿದ್ಲು.”

ಅಕ್ಕ ಅವನ ಕೊರಳಿನ ಟೇಪು ತೆಗೆದು, ಸುರುಳಿ ಸುತ್ತಿ ಅವನ ಜೇಬಿಗೆ ಹಾಕಿದಳು.

“ಬೈದುಬಿಡಕ್ಕ.”

“ಬೈದ್ರೆ ಎದ್ದು ಕೂರ್ತಾಳೇನೋ?”

ಅಷ್ಟರಲ್ಲಿ ನರ್ಸ್ ಬಂದು ಮೆಲ್ಲಗೆ ಹೇಳಿದಳು, “ಅಜ್ಜಿಗೆ ಸ್ವಲ್ಪ ಎಚ್ಚರ ಬಂದಿದೆ. ಹೆಚ್ಚು ಹೊತ್ತು ಇರೋ ಹಾಗೆ ಕಾಣಲ್ಲ. ಇಬ್ಬರೂ ಬಂದುಬಿಡಿ.”

ತಮ್ಮ ಏಳಲಿಲ್ಲ. “ನಾನು ಏನಂತ ಮಾತಾಡಿಸ್ಲಿ, ಅಕ್ಕ?”

“ಭೂಮಿ ಸ್ವಲ್ಪ ತಣ್ಣಗಾಗಿದೆ ಕಣಮ್ಮ ಅನ್ನು,” ಎಂದು ಅಕ್ಕ ಅವನ ಕೈ ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋದಳು.