ಪಂಚಮಿಗೆ ಬಾರದ ಅಣ್ಣ

೨೦೦೬ರ ನಾಗರ ಪಂಚಮಿಗೆ ಎರಡು ದಿನ ಉಳಿದಿತ್ತು. ಇಳಕಲ್ ಬಸ್ ನಿಲ್ದಾಣದಲ್ಲಿ ನಾನು ಹುನಗುಂದದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನೇಕಾರರ ಓಣಿಯ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳ ಹೆಸರು ಲಕ್ಕವ್ವ ಎಂದು ಮಾತಿನಿಂದಲೇ ತಿಳಿಯಿತು. ಕಿರಿಯಳು ಅವಳನ್ನು ಬಸ್ ಹತ್ತಿಸಲು ಬಂದಿದ್ದಳು.

“ತವರಿಗೆ ಕರಿಯಾಕ ಅಣ್ಣ ಬರಲಿಲ್ಲೇನು, ಲಕ್ಕವ್ವ?”

“ಮೊಬೈಲ್ ತಗೊಂಡಾಗಿಂದ ಬರೂದು ಬಿಟ್ಟಾನ. ‘ಬದಾಮಿ ಬಸ್ ಹತ್ತಿ ಬಾ’ ಅಂತ ಫೋನ್ ಮಾಡತಾನ.”

“ಕರದಾನಲ್ಲ, ಅಷ್ಟ ಸಾಕು ಬಿಡು.”

“ಮೊದಲ ಬಂದ್ರ ನನ್ನ ಮಗ್ಗದ ಬಾಜೂಕ ಒಂದು ತಾಸು ಕುಂದ್ರತಿದ್ದ. ಅವಂದು ಮಾತು ಕಡಿಮಿ. ನನ್ನ ಮಾರಿ ನೋಡಕೋತ ಚಾ ಕುಡೀತಿದ್ದ.”

“ಈಗ ದಿನಾ ಮಾತಾಡತಾನಲ್ಲ?”

“ಮಾತಾಡತಾನ. ‘ಆರಾಮ?’ ಅಂತಾನ. ‘ಆರಾಮ’ ಅಂತೇನಿ.”

“ಕಣ್ಣಿಂದು ಹೇಳಿಲ್ಲ?”

“ಇಲ್ಲ. ಎಡಗಣ್ಣು ಮಂಜಾಗಿ ಎರಡು ತಿಂಗಳಾತು, ನೂಲಿನ ಎಳಿ ಕಾಣೂದಿಲ್ಲ. ಅಂವ ಎದುರು ಕುಂತಿದ್ರ ನಾ ಹೇಳೂದ ಬೇಕಾಗತಿರಲಿಲ್ಲ.”

ಕಿರಿಯಳು ತನ್ನ ಮೊಬೈಲನ್ನು ಚಾಚಿದಳು.

“ಈಗರೆ ಹೇಳು. ಬಸ್ ಇಳಿಯೂದ್ರಾಗ ಬಂದು ನಿಂತಿರತಾನ.”

“ಬ್ಯಾಡ. ಫೋನಿನ್ಯಾಗ ಹೇಳಿದ್ರ ಯಾವುದರೆ ದವಾಖಾನಿ ಹೆಸರು ಹೇಳತಾನ. ಅಂವ ಮೊದಲ ನನ್ನ ಮಾರಿ ನೋಡಬೇಕು.”

ಬದಾಮಿ ಬಸ್ ಬಂತು. ಕಿರಿಯಳು ಚೀಲ ಎತ್ತಿಕೊಟ್ಟಳು. ಲಕ್ಕವ್ವ ಬಾಗಿಲ ಕಂಬಿಯನ್ನು ಕೈಯಿಂದ ತಡವಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು.