ಏಳನೇ ಮಂಚದ ಒಪ್ಪಿಗೆ

...ಅಲ್ಲಾ ತಂಗೀ, ಎಷ್ಟೊತ್ತು ಅಂತ ನಿಂತಿರ್ತೀಯಾ? ಕೂತ್ಕೋ. ಕುರ್ಚಿ ಬೇಡ್ವಾ? ಸರಿ, ನೆಲದ ಮೇಲೇ ಕೂರೋಣ. ಹಾಂ... ಮಂಡಿ ಸ್ವಲ್ಪ ತಕರಾರು ಮಾಡುತ್ತೆ, ಅಷ್ಟೆ. ಇಗೋ, ನಿಮ್ಮಮ್ಮನ ಗಂಟು. ಸೀರೆ ಎರಡು, ಬಾಚಣಿಗೆ, ಮಣಿಸರ. ಎಣಿಸ್ಕೋ, ಒಂದು ಮಣೀನೂ ಹೋಗಿಲ್ಲ. ನರ್ಸಮ್ಮ ಕತ್ತರಿ ತಂದೇಬಿಟ್ಟಿದ್ಲು, ಆಪರೇಷನ್‌ಗೆ ಮುಂಚೆ ತೆಗೀಲೇಬೇಕು ಅಂತ. ನಾನು ಅಡ್ಡ ನಿಂತೆ! "ನಮ್ಮೋರಲ್ಲಿ ಇದನ್ನ ಹೆಣದ ಕೊರಳಿಂದ ಮಾತ್ರ ತೆಗೀತಾರೆ, ಬೇಕಾದ್ರೆ ಮೇಲೆ ಟೇಪ್ ಸುತ್ತಿ" ಅಂದೆ. ಸುತ್ತಿದ್ರು. ಅದಕ್ಕೇ ತಾನೇ ಈ ಆಸ್ಪತ್ರೇಲಿ ನನ್ನ ಇಟ್ಕೊಂಡಿರೋದು? ಕಾಡಿನ ಜನದ ಮಾತು ಡಾಕ್ಟರಿಗೆ, ಡಾಕ್ಟರ ಮಾತು ಕಾಡಿನ ಜನಕ್ಕೆ. ಹನ್ನೆರಡು ವರ್ಷ ಆಯ್ತು.

ಯಾಕೆ ನಗ್ತೀಯಾ? ಈ ಬಿಳಿ ಕೋಟು ನೋಡಿ ತಾನೇ? ನಗು, ನಗು. ನಮ್ಮ ಕಡೆಯೋರು ನನ್ನ ಹೆಸರೇ ಮರೆತು "ಕೋಟು" ಅಂತ ಕರೀತಾರೆ! ಆದ್ರೆ ಮೊದಲು ಇಲ್ಲಿ ನಮ್ಮೋರನ್ನ ಎಲ್ಲಿ ಮಲಗಿಸ್ತಿದ್ರು ಗೊತ್ತಾ? ವರಾಂಡದಲ್ಲಿ. ಮೂಗು ಮುಚ್ಕೊಂಡು ಮಾತ್ರೆ ಎಸೆದು ಹೋಗೋರು. ಈಗ? ಒಳಗೆ ಮಂಚ ಇದೆ. ಜೊತೆಗೆ ಇಬ್ಬರು ಇರಬಹುದು. ಹೆಂಗಸರನ್ನ ಹೆಂಗಸರೇ ಮುಟ್ಟಿ ನೋಡಬೇಕು. ಇದನ್ನೆಲ್ಲ ಜಗಳ ಆಡಿ ಬರೆಸಿದ್ದು ಯಾರು? ಈ ಕೋಟೇ.

ಹೇಳ್ತೀನಿ, ಹೇಳ್ತೀನಿ... ಹಾಗೆ ನೋಡಬೇಡ.

ನಿಮ್ಮಮ್ಮನ ಹಿಮ್ಮಡೀಲಿ ಹುಣ್ಣು, ಸಕ್ಕರೆ ಕಾಯಿಲೆ. ಮೊಣಕಾಲವರೆಗೂ ಕಪ್ಪಾಗಿತ್ತು. ಇವತ್ತೇ ಕಾಲು ತೆಗೀದಿದ್ರೆ ಜೀವ ಹೋಗುತ್ತೆ ಅಂದ್ರು ಡಾಕ್ಟರು. ನಿನಗೆ ಹೇಳಿಕಳಿಸಿದೆ. ನೀನು ಬರೋಕೆ ಒಂದು ದಿನದ ದಾರಿ. ಏನ್ ಮಾಡ್ಲಿ? ಏಳನೇ ಮಂಚದ ಪಕ್ಕ ಕೂತು, ನಿಮ್ಮಮ್ಮನ ಕೈ ಹಿಡ್ಕೊಂಡು, ನಮ್ಮ ಮಾತಲ್ಲೇ ಕೇಳಿದೆ. ಒಂದ್ಸಲ ಅಲ್ಲ, ಮೂರು ಸಲ! ಒಪ್ಪಿದ್ಲು. ಇಗೋ ಕಾಗದ, ಇಗೋ ಹೆಬ್ಬೆಟ್ಟು.

ಯಾಕೆ ತುಟಿ ಮುಟ್ಟಿ ತೋರಿಸ್ತೀಯಾ? ಬಾಯಿಬಿಟ್ಟು ಹೇಳಿದ್ಲಾ ಅಂತಾನಾ? ಹೂಂ ಅಂದ್ಲು. ಅಂದ್ರೆ... ತಲೆ ಆಡಿಸಿದ್ಲು ಅನ್ಕೋ. ಜ್ವರ ಬೇರೆ ಇತ್ತಲ್ಲ...

ಕಾಲು ತೆಗೆದ ಮೇಲೂ ಹನ್ನೊಂದು ದಿನ ಇದ್ಲು. ನೀನೂ ಇದ್ದೆಯಲ್ಲ, ನಿನ್ನ ಹತ್ರಾನೂ ಒಂದು ಮಾತಿಲ್ಲ. ಬರೀ ನನ್ನ ನೋಡೋಳು. ಈಗ ಆ ಮಂಚದಲ್ಲಿ ಬೇರೆ ಯಾರೋ ಇದ್ದಾರೆ, ನಾನು ಮಾತ್ರ ಆ ವಾರ್ಡಿಗೆ ಕಾಲಿಡಲ್ಲ. ಹಿಂದಿನ ಮೆಟ್ಟಿಲು ಹತ್ತಿ ಬರ್ತೀನಿ. ಮನೇಲಿ ಹೆಂಡ್ತಿ ಒಂದು ಗಳಿಗೆ ಮಾತು ನಿಲ್ಲಿಸಿದ್ರೆ ಸಾಕು, "ಏನಾದ್ರೂ ಮಾತಾಡೇ" ಅಂತ ಕಿರುಚ್ತೀನಿ. ಹುಚ್ಚು ಹಿಡಿದಿದೆ ಅಂತಾಳೆ ಅವಳು...

ಅದು ಬಿಡು. ಈ ಇನ್ನೊಂದು ಕಾಗದ ನೋಡು. ಅಮ್ಮನ ಒಪ್ಪಿಗೆ ಇಲ್ದೇ ಕಾಲು ತೆಗೆದ್ರು ಅಂತ ನೀನು ದೂರು ಕೊಟ್ಟಿದ್ದೀಯಲ್ಲ, ಅದು ಮುಚ್ಚೋಕೆ. "ಅಮ್ಮನ ಒಪ್ಪಿಗೆ ಪಡೆದೇ ಕಾಲು ತೆಗೆದ್ರು, ನಮ್ಮ ತಕರಾರಿಲ್ಲ." ಅಷ್ಟೇ. ಇಲ್ಲ ಅಂದ್ರೆ ವಿಚಾರಣೆ ಆಗುತ್ತೆ, ನನ್ನ ಕಳಿಸ್ತಾರೆ, ನಮ್ಮೋರಿಗೆ ಮತ್ತೆ ಅದೇ ವರಾಂಡಾನೇ ಗತಿ. ಯೋಚನೆ ಮಾಡು. ಹೆಬ್ಬೆಟ್ಟು ಒತ್ತುತ್ತೀಯಾ ತಂಗೀ?

...

ಒತ್ತುತ್ತೀಯಾ?

...

ಹೀಗೆ ಸುಮ್ನಿರಬೇಡ ಕಣೇ! ಬೈಯಿ, ಉಗಿ, ಏನಾದ್ರೂ ಅನ್ನು! ನಿಮ್ಮಮ್ಮನೂ ಹೀಗೇ... ಥೇಟ್ ಹೀಗೇ ಕೂತಿದ್ಲು.

ಆವತ್ತು ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಿದ್ರು. "ಏನಂತಾಳಯ್ಯಾ?" "ಏನೂ ಅಂತಿಲ್ಲ ಸಾರ್." "ಮೌನಂ ಸಮ್ಮತಿ ಲಕ್ಷಣಂ ಅಲ್ವೇ?" ಅಂದ್ರು. ಪಾಪ, ಅವರ ತಪ್ಪಲ್ಲ, ಅವರ ಜನಕ್ಕೆ ಅದು ಗಾದೆ. ಆದ್ರೆ ನನಗೆ ಗೊತ್ತಿತ್ತು ತಂಗೀ! ಬೇಡ ಅನ್ನೋ ಮಾತನ್ನ ಯಾರ ಮುಖಕ್ಕೂ ಎಸೀಬಾರದು ಅಂತಾನೇ ನಾವು ಸುಮ್ನಾಗೋದು, ಅದು ನಮ್ಮ ಹಾಲುಗಲ್ಲದ ಮಗೂಗೂ ಗೊತ್ತು. ಮೂರು ಸಲ ಕೇಳಿದೆ. ಮೂರು ಸಲಾನೂ ಬೇಡ ಅಂದ್ಲು. ನಾನು "ಹೌದು ಸಾರ್" ಅಂದೆ. ಬೆರಳು ಬಿಗಿ ಹಿಡಿದಿದ್ಲು... ಬಿಡಿಸಿ, ಶಾಯಿ ಹಚ್ಚಿ ಒತ್ತಿಸಿದ್ದೂ ನಾನೇ. ಬದುಕ್ಲಿ ಅಂತ... ಬದುಕ್ಲಿ ಅಂತ ತಂಗೀ...

ನಿನ್ನ ಎರಡು ಸಲ ಕೇಳಿದ್ದಾಯ್ತು. ಮೂರನೇ ಸಲ ಕೇಳಲ್ಲ. ಏಳು, ದೊಡ್ಡ ಡಾಕ್ಟರ ಹತ್ರ ಹೋಗೋಣ. ನೀನು ಬಾಯಿ ಬಿಡೋದು ಬೇಡ. ಇವಳು ಬೇಡ ಅಂತಿದ್ದಾಳೆ, ಇವಳಮ್ಮನೂ ಬೇಡ ಅಂದಿದ್ಲು ಅಂತ ನಾನೇ ಹೇಳ್ತೀನಿ.