ಒಂಟಿಕೊಂಬಿನ ಮೃಗದ ಹೊಟ್ಟೆ

ಟೊಲೆಡೊ ಪಟ್ಟಣದಲ್ಲಿ ಊರವರೆಲ್ಲ ರೊಟ್ಟಿ ಬೇಯಿಸುವ ಊರೊಲೆಯ ಮುಂದೆ ಕಾಯುತ್ತಿದ್ದೆವು. ನನ್ನ ಮುಂದೆ ಪುಸ್ತಕಗಳಿಗೆ ಚಿತ್ರ ಬರೆಯುವ ಫೋರ್ತುನ್, ಅದೇ ಪುಸ್ತಕಗಳನ್ನು ಅರಬ್ಬಿಯಿಂದ ಲ್ಯಾಟಿನ್‌ಗೆ ಅನುವಾದ ಮಾಡುವ ತೊದ್ರೋಸ್.

“ಒಂಟಿಕೊಂಬಿನ ಮೃಗ ಬರೆದು ಮುಗಿಸ್ದೆ ಕಣೋ,” ಅಂದ ಫೋರ್ತುನ್. “ಬೆಳ್ಳಗೆ ಮೇಕೆಮರಿ ಹಾಗಿದೆ. ಕನ್ಯೆ ತೊಡೆ ಮೇಲೆ ಮಲಗಿದೆ.”

“ಆ ಪುಟ ನಾನು ಇವತ್ತು ಅನುವಾದ ಮಾಡ್ದೆ. ಅದರಲ್ಲಿ ಹಳೇ ಗ್ರೀಕರು ಬೇರೆ ಥರ ಹೇಳ್ತಾರೆ. ಆನೆ ಕಾಲಂತೆ, ಹಂದಿ ಬಾಲವಂತೆ.”

“ಅಷ್ಟು ಭಾರ ಮಲಗಿದ್ರೆ ಹುಡುಗಿ ತೊಡೆ ಉಳಿಯುತ್ತೇನೋ?”

“ಅದು ಪುಸ್ತಕದಲ್ಲಿಲ್ಲ. ಅಳಿಸಿ ಬರಿ.”

“ಚಿನ್ನ ಹಚ್ಚಾಗಿದೆ. ಪುಸ್ತಕ ಬರೆಸ್ತಿರೋ ಬಿಷಪ್ಪರು ನೋಡಿ ಕಣ್ಣೀರಿಟ್ರು. ‘ನೀವು ಅತ್ತಿದ್ದು ಹಂದಿಬಾಲಕ್ಕೆ’ ಅಂತ ನೀನೇ ಹೋಗಿ ಹೇಳು.”

ತೊದ್ರೋಸ್ ಗಡ್ಡ ಕೆರೆದುಕೊಂಡ.

“ಬಾಲದ ಸಾಲು ಬಿಟ್ಟುಬಿಡ್ತೀನಿ. ನೀನು ಹೊಟ್ಟೆನಾದ್ರೂ ದಪ್ಪ ಮಾಡು.”

ಇಬ್ಬರೂ ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಹೊರಟರು.

“ಎಷ್ಟು ದಪ್ಪ?” ಎಂದದ್ದು ಬೀದಿಯ ತಿರುವಿನಿಂದ ಕೇಳಿಸಿತು.

“ಬಿಷಪ್ಪರಷ್ಟು ಸಾಕು.”